ಈರುಳ್ಳಿಯ ಮನೆತನ

ಆ ದಿನ ಬೆಳಿಗ್ಗೆ ಹತ್ತು ಗಂಟೆಗೆ ಯಶೋಧಾ ಎರಡನೇ ವರ್ಷದ ಬಿಎಸ್ಸಿ ಹುಡುಗಿಯರಿಗೆ ಗಿಡಗಳ ಕುಟುಂಬಗಳು ಹುಟ್ಟಿದ ಕಥೆ ಹೇಳುತ್ತಿದ್ದಳು. ಯಲಹಂಕದ ಆ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಇಪ್ಪತ್ತಾರು ವರ್ಷದಿಂದ ಇದೇ ಪಾಠ, ಅದೇ ಜಾಗದಲ್ಲಿ ಅದೇ ತಮಾಷೆ. ಸಿಲೆಬಸ್ಸು ನಾಲ್ಕು ಸಲ ಬದಲಾಗಿತ್ತು, ಅವಳ ಪಾಠ ಮಾತ್ರ ಜಪ್ಪಯ್ಯ ಅಂದರೂ ಬದಲಾಗಿರಲಿಲ್ಲ. ಪರೀಕ್ಷೆಗೆ ಎರಡು ಅಂಕಕ್ಕೂ ಬಾರದ ಈ ಇತಿಹಾಸಕ್ಕೆ ಅವಳು ಮೂರು ಪೂರ್ತಿ ಗಂಟೆ ಕೊಡುತ್ತಿದ್ದಳು. ಯಾರಾದರೂ ಕೇಳಿದರೆ, ಅಂಕಕ್ಕೆ ಓದುವವರು ಗೈಡು ತೆಗೆದುಕೊಳ್ಳಲಿ ಎನ್ನುತ್ತಿದ್ದಳು.

ಮುನ್ನೂರು ವರ್ಷಕ್ಕೂ ಹಿಂದೆ ಫ್ರಾನ್ಸಿನ ಮಾಂಪೆಲಿಯೆ ಊರಿನಲ್ಲಿ ಮ್ಯಾಗ್ನೋಲ್ ಎಂಬ ವೈದ್ಯನಿದ್ದ. ಪ್ರಾಣಿಗಳಲ್ಲಿ ಇರುವಂತೆ ಗಿಡಗಳಲ್ಲೂ ಕುಟುಂಬಗಳಿವೆ ಎಂದು ಅವನು ಹೇಳಿದ. ಮದುವೆಮನೆಯಲ್ಲಿ ಗುರುತಿಲ್ಲದ ಹುಡುಗಿಯನ್ನು ಕಂಡು ಇವಳು ಇಂಥವರ ಮಗಳೇ ಇರಬೇಕು ಅಂತೀವಲ್ಲ, ಬರೀ ಮೂಗು ನೋಡಿ ಅಲ್ಲ, ಒಟ್ಟು ಚಹರೆ ನೋಡಿ, ಹಾಗೆ. ಆಮೇಲೆ ಬಂದ ಲಿನೇಯಸ್ ಹೂವಿನ ಕೇಸರಗಳನ್ನು ಎಣಿಸಿ ಆರು ಕೇಸರದವನ್ನೆಲ್ಲ ಒಂದೇ ಕೋಣೆಗೆ ತುಂಬಿದ. ಭತ್ತವೂ ಅಲ್ಲೇ, ಈರುಳ್ಳಿಯೂ ಅಲ್ಲೇ. ಇದು ಸಂಬಂಧ ಅಲ್ಲ, ಹಾಜರಿ ಎಂದು ಯಶೋಧಾ ಹೇಳಿದಾಗ ಹುಡುಗಿಯರು ನಕ್ಕರು. ಪ್ಯಾರಿಸ್ಸಿನ ರಾಜನ ತೋಟದಲ್ಲಿದ್ದ ಜುಸ್ಸಿಯು ಎಂಬವನು, ಎಣಿಸುವುದನ್ನು ಬಿಡಿ, ಯಾವ ಲಕ್ಷಣ ಎಷ್ಟು ಮುಖ್ಯ ಎಂದು ತೂಗಿ ನೋಡಿ ಎಂದ. ಅವನ ಚಿಕ್ಕಪ್ಪನಂತೂ ಏನನ್ನೂ ಬರೆಯದೆ, ತೋಟದ ಪಾತಿಗಳಲ್ಲಿ ಗಿಡಗಳನ್ನು ನೆಂಟರ ಹಾಗೆ ಪಕ್ಕಪಕ್ಕ ನೆಟ್ಟು ತೋರಿಸಿದ್ದ.

“ಆಗಿನವರಿಗೆ ಇನ್ನೊಂದು ನಂಬಿಕೆ ಇತ್ತು,” ಎಂದು ಅವಳು ಬೋರ್ಡಿನ ಮೇಲೆ ದೊಡ್ಡದೊಂದು ವೃತ್ತ ಬರೆದಳು. “ಒಂದೇ ಕುಟುಂಬದವರಿಗೆ ಒಂದೇ ಗುಣ ಅಂತ. ಅಣ್ಣ ಮದ್ದಾದರೆ ತಮ್ಮನೂ ಮದ್ದು. ಬಹಳ ಸಲ ಅದು ನಿಜವೂ ಹೌದು. ಆದರೆ ಮುಂದಿನ ಶತಮಾನದವರು ಲಿಲಿ ಕುಟುಂಬವನ್ನ ಛತ್ರ ಮಾಡಿಟ್ಟರು, ಬಂದವರಿಗೆಲ್ಲ ಜಾಗ. ಈರುಳ್ಳಿನೂ ಒಳಗೆ, ಗೌರಿ ಹೂವೂ ಒಳಗೆ. ಈಗ ಬೇರೆ ಮಾಡಿದ್ದಾರೆ ಬಿಡಿ. ಆದರೆ ಆಗ ಒಂದರ ಗೆಡ್ಡೆ ಸಾರಿಗೆ, ಇನ್ನೊಂದರ ಗೆಡ್ಡೆ...”

‘ಚಟ್ಟಕ್ಕೆ’ ಎನ್ನಬೇಕಿತ್ತು. ಇಪ್ಪತ್ತಾರು ವರ್ಷ ಅಂದಿದ್ದಳು. ಹುಡುಗಿಯರು ನಗಲು ತಯಾರಾಗಿ ಕೂತಿದ್ದರು. ಯಶೋಧಾಳ ಕೈಯಲ್ಲಿದ್ದ ಸೀಮೆಸುಣ್ಣ ವೃತ್ತದ ಮೇಲೆಯೇ ನಿಂತಿತು. ಅಂದು ಬೆಳಿಗ್ಗೆ ಫೋನಿನಲ್ಲಿ ನೋಡಿದ ಫೋಟೋ ಅವಳ ಕಣ್ಣಮುಂದೆ ಬಂತು, ಮತ್ತು ಫೋಟೋದ ಮೂಲೆಯಲ್ಲಿ ಏನಿತ್ತು ಎನ್ನುವುದು ಈಗ ಕಂಡಿತು. ಅಲ್ಲಿ ಈಳಿಗೆಮಣೆ ಇತ್ತು.

ಫೋಟೋ ಕಳಿಸಿದ್ದವಳು ಸುಮಾ, ಹದಿನೈದು ವರ್ಷದ ಹಿಂದೆ ಇದೇ ಕ್ಲಾಸಿನಲ್ಲಿ ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗಿ. ಬಾಗಲೂರಿನ ಹಳೇ ಒಕ್ಕಲು ಮನೆಯೊಂದಕ್ಕೆ ಸೊಸೆಯಾಗಿ ಹೋಗಿದ್ದಳು. ಅವರ ಹೊಲ ಈಗ ಸೈಟುಗಳಾಗಿತ್ತು, ಗಂಡ ಗಿರಿ ಅದರಲ್ಲೇ ಮನೆ ಕಟ್ಟಿಸಿ ಮಾರುತ್ತಿದ್ದ. ಸುಮಾಗೆ ಏರ್‌ಪೋರ್ಟಿನ ಸರಕು ಗೋದಾಮಿನಲ್ಲಿ ಕೆಲಸ. ಓದಿದ ಸಸ್ಯಶಾಸ್ತ್ರ ಯಾವುದಕ್ಕೂ ಬರಲಿಲ್ಲವಲ್ಲ ಎಂಬ ಕೊರಗಿಗೆ ಗುರು ಶಿಷ್ಯೆ ಇಬ್ಬರೂ ಸೇರಿ ಒಂದು ಆಟ ಮಾಡಿಕೊಂಡಿದ್ದರು. ಸುಮಾ ವಾರಕ್ಕೊಂದು ಗಿಡದ ಫೋಟೋ ಕಳಿಸುವುದು, ಯಶೋಧಾ ಕುಟುಂಬ ಮಾತ್ರ ಹೇಳುವುದು, ಸಂಜೆಯೊಳಗೆ ಸುಮಾ ಹೆಸರು ಹುಡುಕುವುದು. ಮೊದಲು ಕುಟುಂಬ, ಆಮೇಲೆ ಹೆಸರು. ಕ್ಲಾಸಿನಲ್ಲೂ ಯಶೋಧಾಳ ಕಟ್ಟಳೆ ಅದೇ. ಹೆಸರು ಯಾರಾದರೂ ಬಾಯಿಪಾಠ ಮಾಡುತ್ತಾರೆ, ಕುಟುಂಬ ಹಿಡಿಯುವವಳೇ ಸಸ್ಯಶಾಸ್ತ್ರಜ್ಞೆ ಎಂದು ಹೇಳಿ ಹೇಳಿ ಎಷ್ಟೋ ಹುಡುಗಿಯರ ತಲೆ ತಿಂದಿದ್ದಳು.

ಆ ಫೋಟೋದಲ್ಲಿ ತೊಳೆದ ಗೆಡ್ಡೆಗಳು ಸ್ಟೀಲ್ ತಟ್ಟೆಯಲ್ಲಿದ್ದವು. ಮೇಲೊಂದು ಮುರಿದ ಕುಡಿ, ಎಲೆಯ ತುದಿ ಸುರುಳಿ ಸುತ್ತಿಕೊಂಡಿತ್ತು. ಆ ಸುರುಳಿ ಕಂಡ ಕ್ಷಣವೇ ಯಶೋಧಾಗೆ ಅದು ಗೌರಿ ಹೂವಿನ ಬಳ್ಳಿ ಎಂದು ಗೊತ್ತಾಗಿತ್ತು. ಎಷ್ಟು ಬೇಗ ಗೊತ್ತಾಯಿತು ಎಂದು ತನ್ನ ಬಗ್ಗೆ ತಾನೇ ಖುಷಿಪಟ್ಟು, ಉತ್ತರ ಕುಟ್ಟಿ, ಫೋನನ್ನು ಸ್ಟಾಫ್ ರೂಮಿನ ಬೀರುವಿನಲ್ಲಿಟ್ಟು ಬೀಗ ಹಾಕಿ ಕ್ಲಾಸಿಗೆ ಬಂದಿದ್ದಳು. ತಟ್ಟೆ ಯಾಕೆ, ತೊಳೆದದ್ದು ಯಾಕೆ ಎಂದು ಅವಳಿಗೆ ಹೊಳೆಯಲಿಲ್ಲ. ಎಲೆ ನೋಡುವ ಕಣ್ಣಿಗೆ ಅಡುಗೆಮನೆ ಕಾಣುವುದಿಲ್ಲ.

ಅವಳು ಕ್ಲಾಸನ್ನು ಹಾಗೇ ಬಿಟ್ಟು ಓಡಿದಳು. ಐವತ್ತೆರಡರ ಹೆಂಗಸು ಸೀರೆ ಎತ್ತಿಕೊಂಡು ಕಾರಿಡಾರಿನಲ್ಲಿ ಓಡುವುದನ್ನು ಆ ಕಾಲೇಜು ಹಿಂದೆಂದೂ ಕಂಡಿರಲಿಲ್ಲ. ಬೀರುವಿನ ಬೀಗದ ಕೈ ಎರಡು ಸಲ ಜಾರಿ ಬಿತ್ತು. ಫೋನು ತೆಗೆದಾಗ ಗಂಟೆ ಹತ್ತೂ ಮುಕ್ಕಾಲು. ಅವಳು ಬರೆದದ್ದು ಅಲ್ಲೇ ಇತ್ತು: ‘ಲಿಲಿ ಕುಟುಂಬ. ಈರುಳ್ಳಿ ಬೆಳ್ಳುಳ್ಳಿಯ ಹಳೇ ಮನೆತನ. ಹೆಸರು ಸಂಜೆಯೊಳಗೆ ನೀನೇ ಹೇಳು ನೋಡೋಣ.’ ಅದರ ಕೆಳಗೆ ಸುಮಾಳ ಎರಡು ಸಂದೇಶ ಬಂದಿದ್ದವು. ‘ಸೈಟಲ್ಲಿ ಜೆಸಿಬಿ ಅಗೆದಾಗ ಸಿಕ್ತು ಮೇಡಂ. ಕಾಡುಗೆಣಸಿನ ಥರ ಇದೆ, ತಿನ್ಬೋದಾ ಕೇಳು ಅಂತಿದಾರೆ ಅತ್ತೆ.’ ಹತ್ತು ನಿಮಿಷ ಬಿಟ್ಟು ಇನ್ನೊಂದು: ‘ಈರುಳ್ಳಿ ಮನೆತನ ಅಂದ್ಮೇಲೆ ತೊಂದ್ರೆ ಇಲ್ಲ ಅಲ್ವಾ. ಅತ್ತೆಗೆ ಹೇಳಿದೀನಿ, ಬೇಯಿಸ್ತಿದಾರೆ. ಡ್ಯೂಟಿಗೆ ಹೊರಟೆ. ಸಂಜೆ ಹೆಸರು ಹೇಳ್ತೀನಿ.’

ಸುಮಾಳ ಫೋನು ಸ್ವಿಚ್ ಆಫ್ ಆಗಿತ್ತು. ಗೋದಾಮಿನೊಳಗೆ ಫೋನು ಒಯ್ಯುವ ಹಾಗಿಲ್ಲ, ಅದು ಯಶೋಧಾಗೆ ಗೊತ್ತಿತ್ತು. ಆದರೂ ಏಳು ಸಲ ಮಾಡಿದಳು. ಗಿರಿಯ ನಂಬರಿಲ್ಲ, ಅತ್ತೆಯ ನಂಬರಂತೂ ಇಲ್ಲವೇ ಇಲ್ಲ. ಗೇಟಿನ ಹೊರಗೆ ಬೇವಿನ ಮರದ ಕೆಳಗೆ ಅನ್ವರನ ಆಟೋ ನಿಂತಿತ್ತು. ಅವನು ಕಾಲೇಜಿನ ಎಲ್ಲರಿಗೂ ಪರಿಚಯ.

“ಬಾಗಲೂರು,” ಎಂದಳು.

“ಇಷ್ಟೊತ್ತಲ್ಲಾ? ಏನ್ ಮೇಡಂ, ಯಾರಿಗಾದ್ರೂ ಹುಷಾರಿಲ್ವಾ?”

“ಹುಷಾರಾಗೇ ಇದಾರೆ. ಬೇಗ ಹೋಗಪ್ಪ, ನಿನ್ನ ಕಾಲಿಗೆ ಬೀಳ್ತೀನಿ.”

ಅನ್ವರ್ ಕನ್ನಡಿಯಲ್ಲಿ ಅವಳ ಮುಖ ನೋಡಿದವನೇ ಬಾಯಿ ಮುಚ್ಚಿಕೊಂಡು ಗಾಡಿ ಓಡಿಸಿದ. ಆದರೆ ಆ ರಸ್ತೆಯಲ್ಲಿ ಎಷ್ಟು ಅಂತ ಓಡಿಸುತ್ತಾನೆ. ಕಟ್ಟಿಗೇನಹಳ್ಳಿಯ ಹತ್ತಿರ ಪೈಪಿಗೆಂದು ರಸ್ತೆ ಅಗೆದಿದ್ದರು. ನೀರಿನ ಟ್ಯಾಂಕರು, ಜಲ್ಲಿ ಲಾರಿ, ಶಾಲೆ ಬಸ್ಸು ಒಂದಕ್ಕೊಂದು ಮೂತಿ ತಿವಿದುಕೊಂಡು ನಿಂತಿದ್ದವು. ಯಶೋಧಾ ಕೂತಲ್ಲೇ ಲೆಕ್ಕ ಹಾಕಿದಳು. ಬೇಯಲು ಅರ್ಧ ಗಂಟೆ. ಬೇಯಿಸಿದರೆ ಆ ವಿಷ ಹೋಗುವುದಿಲ್ಲ. ತಿಂದ ಮೇಲೆ ಎರಡು ಮೂರು ಗಂಟೆ ಏನೂ ಆಗದು, ತಿಂದವರು ಆರಾಮಾಗಿ ಓಡಾಡುತ್ತಾರೆ. ಆಮೇಲೆ ವಾಂತಿ, ಭೇದಿ. ಮಾರನೇ ದಿನ ಮೂತ್ರಪಿಂಡ, ರಕ್ತ, ಒಂದೊಂದಾಗಿ ಕೈಕೊಡುತ್ತವೆ. ಇದನ್ನೆಲ್ಲ ಅವಳು ಪಾಠ ಮಾಡಿದ್ದಳು. ಇನ್ನೂ ಊಟಕ್ಕೆ ಕೂತಿರಬಾರದು, ಉಪ್ಪು ಸಾಲದೆ ಇರಲಿ, ಗ್ಯಾಸ್ ಖಾಲಿಯಾಗಿರಲಿ, ಏನಾದರೂ ಆಗಿರಲಿ ಎಂದು ಬೇಡಿಕೊಂಡಳು. ಯಾರನ್ನು ಬೇಡುತ್ತಿದ್ದೇನೆ ಎನ್ನುವುದೂ ಗೊತ್ತಿರಲಿಲ್ಲ. ದೇವರ ಕೋಣೆಯ ದೀಪ ಹಚ್ಚುವುದನ್ನೂ ಸೊಸೆಗೆ ಬಿಟ್ಟುಕೊಟ್ಟವಳು ಅವಳು.

ಬಾಗಲೂರಿನಲ್ಲಿ ಗಿರಿ ಮನೆ ಎಲ್ಲಿ ಎಂದರೆ ಹೂವಿನ ಅಂಗಡಿಯವನು ಯಾವ ಗಿರಿ ಎಂದ. ಮೂರು ಜನ ಇದ್ದರಂತೆ. ಸುಮಾ ಎಂದರೆ ಯಾರಿಗೂ ಗೊತ್ತಾಗಲಿಲ್ಲ. ಅತ್ತೆಯ ಹೆಸರು ಏನೋ ಮುನಿಯಿಂದ ಶುರುವಾಗುತ್ತದೆ ಎಂದಾಗ ಅನ್ವರ್ ತಾನೇ ಇಳಿದು ಹೋಗಿ ವಿಚಾರಿಸಿಕೊಂಡು ಬಂದ. ಮುನಿಶಾಮಮ್ಮನ ಮನೆ, ಓವರ್‌ಹೆಡ್ ಟ್ಯಾಂಕಿನ ಹಿಂದೆ.

ಮೂರು ಅಂತಸ್ತಿನ ಹೊಸ ಮನೆಯ ಮುಂದೆ ಹಳೇ ಕಲ್ಲಿನ ಜಗಲಿ ಹಾಗೇ ಉಳಿದಿತ್ತು. ಅದರ ಮೇಲೆ ಮುನಿಶಾಮಮ್ಮ ಮೊರ ಇಟ್ಟುಕೊಂಡು ಹುರುಳಿ ಆರಿಸುತ್ತ ಕೂತಿದ್ದಳು. ಅರವತ್ತೆಂಟರ ಗಟ್ಟಿ ಜೀವ. ಬಾಯಲ್ಲಿ ಎಲೆ ಅಡಿಕೆ.

“ನಾನು ಸುಮಾಳ ಕಾಲೇಜಿನ ಮೇಡಂ,” ಎಂದಳು ಯಶೋಧಾ. ಮೆಟ್ಟಿಲ ಮೇಲೇ ಅವಳಿಗೆ ಏದುಸಿರು. “ಆ ಗೆಡ್ಡೆ ತಿಂದ್ರಾ?”

“ಬನ್ನಿ ಮೇಡಮ್ಮೋರೆ, ಒಳೀಕ್ ಬನ್ನಿ. ತಿಂದ್ನಲ್ಲ. ಒಸಿ ಕಯ್ಯಿ ಇತ್ತು, ಉಣಸೆಅಣ್ಣು ಜಾಸ್ತಿ ಆಕಿ ಬೇಯಿಸ್ದೆ. ಮುದ್ದೆಗೆ ಚೆಂದಾಗೈತೆ. ಗಿರಿಗೂ ಮಡಗಿವ್ನಿ, ಮಧ್ಯಾನ ಬತ್ತಾನೆ.”

ಯಶೋಧಾ ಅಡುಗೆಮನೆಗೆ ನುಗ್ಗಿ ಪಾತ್ರೆ ಹಿಡಿದುಕೊಂಡು ಹೊರಗೆ ಬಂದಳು. ಅರ್ಧಕ್ಕಿಂತ ಹೆಚ್ಚು ಖಾಲಿಯಾಗಿತ್ತು.

“ಅಮ್ಮಾ, ಇದು ವಿಷ. ಈಗಲೇ ಆಸ್ಪತ್ರೆಗೆ ಹೋಗ್ಬೇಕು, ಏಳಿ.”

“ನಂಗೇನಾಗೈತೆ?” ಮುನಿಶಾಮಮ್ಮ ಮೊರ ಕೆಳಗಿಡಲಿಲ್ಲ. “ಒಟ್ಟೆ ತಣ್ಣಗೈತೆ. ನೀವೇ ಅಲ್ವ್ರಾ ಏಳಿದ್ದು, ಈರುಳ್ಳಿ ಮನೆತನ್ದೋರು ಅಂತ? ನನ್ ಸೊಸೆ ಓದಿ ಏಳುದ್ಲು.”

“ಹೇಳಿದ್ದು ತಪ್ಪಾಯ್ತು. ನನ್ನ ತಪ್ಪು.”

“ನೀವು ತಪ್ಪೇಳ್ತೀರಾ? ನಿಮ್ ಇಸ್ಯ ಏಳಿ ಏಳಿ ನಮ್ ಸುಮಾ ನಂಗೆ ಕಿವಿ ತೂತು ಮಾಡವ್ಳೆ. ನೀರ್ ಕುಡೀರಿ ಮೊದ್ಲು, ಬಿಸ್ಲಲ್ ಬಂದಿದೀರ.”

ಹೀಗೆ ಹತ್ತು ನಿಮಿಷ ಹೋಯಿತು. ಯಶೋಧಾ ವಿಷದ ಹೆಸರು ಹೇಳಿದಳು, ಕೈ ಮುಗಿದಳು, ರಟ್ಟೆ ಹಿಡಿದು ಎಳೆದಳು. ಮುದುಕಿ ಜಗ್ಗಲಿಲ್ಲ. ನೆಟ್ಟಗಿರುವವರು ಆಸ್ಪತ್ರೆಗೆ ಹೋದರೆ ರೋಗಿ ಮಾಡಿ ಕಳಿಸುತ್ತಾರೆ ಎಂದು ಅನ್ವರನಿಗೆ ವಿವರಿಸತೊಡಗಿದಳು. ಯಶೋಧಾಗೆ ಅಳು ಬಂತು. ಬೆಳಿಗ್ಗೆ ಎರಡು ಸಾಲು ಬರೆದಾಗ ವೇದವಾಕ್ಯ ಎಂದು ನಂಬಿದವರು ಈಗ ಎದುರು ನಿಂತು ಹೇಳಿದರೆ ನಂಬುತ್ತಿಲ್ಲ. ಕೊನೆಗೆ ಏನೂ ತೋಚದೆ ಫೋನಿನಲ್ಲಿ ಆ ಬಳ್ಳಿಯ ಹೂವಿನ ಚಿತ್ರ ತೆಗೆದು ಅವಳ ಮುಖದ ಮುಂದೆ ಹಿಡಿದಳು. ಮೇಲಕ್ಕೆ ಚಾಚಿದ ಎಸಳು, ಕೆಳಗೆ ಹಳದಿ, ತುದಿಗೆ ಕೆಂಪು.

ಮುನಿಶಾಮಮ್ಮ ಕಣ್ಣು ಕಿರಿದು ಮಾಡಿ ನೋಡಿದಳು.

“ಗೌರಿ ಊವು,” ಎಂದಳು. ಆಮೇಲೆ ಪಾತ್ರೆಯ ಕಡೆ ನೋಡಿದಳು. “ಇದರ ಗೆಡ್ಡೇನಾ?”

“ಹೂಂ.”

ಮುದುಕಿ ಬಾಯಲ್ಲಿದ್ದ ಎಲೆ ಅಡಿಕೆಯನ್ನು ಉಗಿದಳು. ಮೊರವನ್ನು ಗೋಡೆಗೆ ಒರಗಿಸಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದಳು. “ನಮ್ ಗೌಡಿ ಅಸ ಇದ್ನೇ ತಿಂದು ಮೂರ್ ದಿನಕ್ಕೆ ಓಗಿದ್ದು. ಬೇಲೀಲಿ ಊವು ಬಿಟ್ಟಿದ್ರೆ ನಂಗೇ ಗೊತ್ತಾಗೋದು,” ಎನ್ನುತ್ತ ತಾನೇ ಮುಂದಾಗಿ ಹೋಗಿ ಆಟೋದಲ್ಲಿ ಕೂತಳು. ಕೋಗಿಲು ದಾಟುವಾಗ ಮೊದಲ ವಾಂತಿ ಆಯಿತು. ಯಶೋಧಾ ತನ್ನ ಸೆರಗಿನಲ್ಲೇ ಅವಳ ಬಾಯಿ ಒರೆಸಿದಳು.

ಹೆಬ್ಬಾಳದ ಆಸ್ಪತ್ರೆಯಲ್ಲಿ ನಿರಂಜನ್ ಎನ್ನುವ ಸಣ್ಣ ವಯಸ್ಸಿನ ಡಾಕ್ಟರು ಪಾತ್ರೆಯಲ್ಲಿದ್ದ ಗೆಡ್ಡೆ ನೋಡಿದರು, ಯಶೋಧಾ ಹೇಳಿದ್ದನ್ನು ಬರೆದುಕೊಂಡರು. ಹೊಟ್ಟೆ ತೊಳೆದರು, ಇದ್ದಿಲ ಪುಡಿ ಕುಡಿಸಿದರು, ಐಸಿಯುಗೆ ಹಾಕಿದರು. ಗಿಡ ಯಾವುದು ಅಂತ ಗೊತ್ತಾಗಿದ್ದೇ ದೊಡ್ಡದು, ಇಲ್ಲದಿದ್ದರೆ ಬರೀ ವಾಂತಿಭೇದಿ ಅಂತ ಡ್ರಿಪ್ ಹಾಕಿ ಮನೆಗೆ ಕಳಿಸಿಬಿಡುತ್ತಿದ್ದೆವು ಎಂದರು. ಇದಕ್ಕೆ ಪ್ರತಿವಿಷ ಇಲ್ಲಿ ಎಲ್ಲೂ ಸಿಗುವುದಿಲ್ಲ, ದೇಹ ತಡೆದುಕೊಳ್ಳಬೇಕು ಅಷ್ಟೆ ಎಂದೂ ಹೇಳಿದರು. ಮುನಿಶಾಮಮ್ಮನಿಂದ ನಂಬರು ತೆಗೆದುಕೊಂಡು ಅನ್ವರ್ ಫೋನು ಮಾಡಿದ್ದ, ಇದನ್ನು ಕೇಳುವ ಹೊತ್ತಿಗೆ ಗಿರಿ ಬಂದಿದ್ದ. ಮೈಯೆಲ್ಲ ಸಿಮೆಂಟು ಧೂಳು. ಅವನು ಡಾಕ್ಟರ ಮಾತು ಮುಗಿಯುವ ತನಕ ನಿಂತಿದ್ದು, ಆಮೇಲೆ ಯಶೋಧಾಳ ಎದುರು ಬಂದು ಕೈ ಜೋಡಿಸಿದ.

“ದೇವ್ರ ಥರ ಬಂದ್ರಿ ಮೇಡಂ. ನಾನೂ ಅದ್ನೇ ತಿಂತಿದ್ದೆ.”

ಯಶೋಧಾ ಬಾಯಿ ತೆರೆದಳು. ಅಷ್ಟರಲ್ಲಿ, ಗಿರಿ ಗೋದಾಮಿನ ಆಫೀಸಿಗೆ ಹೇಳಿ ಕರೆಸಿದ್ದ ಸುಮಾ ಲಿಫ್ಟಿನಿಂದ ಓಡಿ ಬಂದಳು. ಬಂದವಳೇ ಗಂಡನಿಗೆ, ಎಲ್ಲ ನನ್ನಿಂದಲೇ ಆದದ್ದು, ನಾನೇ ತಿನ್ನಬಹುದು ಅಂತ ಅತ್ತೆಗೆ ಹೇಳಿದ್ದು, ಫೋಟೋ ನೋಡಿ ಮೇಡಂಗೆ ಅನುಮಾನ ಬಂದು ಓಡಿ ಬಂದಿದ್ದಾರೆ ಎಂದಳು. ಗಿರಿ ಎಲ್ಲರೆದುರಿಗೇ ಅವಳ ಮೇಲೆ ಹರಿಹಾಯ್ದ. ಬಿಎಸ್ಸಿ ಓದಿ ಏನ್ ಕಡಿದೆ ಎಂದ. ಸುಮಾ ತಲೆ ತಗ್ಗಿಸಿ ನಿಂತು ಬೈಸಿಕೊಂಡಳು. ಆಮೇಲೆ ನೀರಿನ ಫಿಲ್ಟರಿನ ಹತ್ತಿರ ಯಶೋಧಾಳನ್ನು ಕರೆದು ಮೆಲ್ಲಗೆ ಹೇಳಿದಳು:

“ನನ್ ಫೋನಲ್ಲಿ ಡಿಲೀಟ್ ಮಾಡಿದೀನಿ ಮೇಡಂ. ನೀವೂ ಮಾಡ್ಬಿಡಿ. ಇವ್ರ ಕಡೆ ಜನ ಸರಿ ಇಲ್ಲ, ಕಾಲೇಜಿಗೆ ಬಂದು ಗಲಾಟೆ ಮಾಡ್ತಾರೆ. ನನ್ನನ್ನ ಏನ್ ಮಾಡ್ತಾರೆ, ಸೊಸೆ, ಎರಡ್ ದಿನ ಬೈತಾರೆ.”

“ಸುಮಾ, ಬರೆದವಳು ನಾನು.”

“ಓದಿ ಹೇಳಿದವಳು ನಾನು. ಹೆಸರು ಕೇಳ್ಬೇಕಿತ್ತು. ಕೇಳ್ಲಿಲ್ಲ. ಸುಮ್ನಿರಿ ಮೇಡಂ, ಪ್ಲೀಸ್.”

ಯಶೋಧಾ ಸುಮ್ಮನಿದ್ದಳು. ಇದನ್ನು ಮುಚ್ಚಿಡುವಂತಿಲ್ಲ ಎಂದು ಗೊತ್ತಿದ್ದೂ ಸುಮ್ಮನಿದ್ದಳು. ಅವತ್ತು, ಮಾರನೇ ದಿನ, ಅದರ ಮಾರನೇ ದಿನ ಬೆಳಗಿನವರೆಗೂ. ಕಾಲೇಜಿಗೆ ರಜೆ ಹಾಕಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತಳು. ಬಾಗಲೂರಿನಿಂದ ಬಂದ ನೆಂಟರಿಗೆಲ್ಲ ಗಿರಿ ಅವಳನ್ನು ತೋರಿಸುತ್ತಿದ್ದ. ಆಟೋ ಮಾಡ್ಕೊಂಡು ಓಡಿ ಬಂದ್ರಂತೆ, ಪಾಪ, ಯಾರ್ ಬರ್ತಾರೆ ಈ ಕಾಲ್ದಲ್ಲಿ ಎಂದು ಹೆಂಗಸರು ಅವಳ ಕೈ ಹಿಡಿದುಕೊಂಡರು. ಒಬ್ಬಾಕೆ ಕಾಲು ಮುಟ್ಟಿದಳು. ಯಶೋಧಾ ಕಾಲು ಹಿಂದಕ್ಕೆಳೆದುಕೊಂಡಳೇ ಹೊರತು ಬಾಯಿ ಬಿಡಲಿಲ್ಲ. ತನ್ನ ಮೇಲೆ ಅವಳಿಗೆ ಹೇಸಿಗೆ ಬಂತು. ಕಾಲೇಜು ನೆನಪಾಗುತ್ತಿತ್ತು, ಪೊಲೀಸರು ನೆನಪಾಗುತ್ತಿದ್ದರು, ಮಗನ ಮುಖ ನೆನಪಾಗುತ್ತಿತ್ತು. ಮುದುಕಿ ಬದುಕಿದರೆ ಸಾಕು, ಆಗ ಹೇಳಿದರಾಯಿತು, ಬದುಕಿದ ಮೇಲೆ ಹೇಳುವುದು ಸುಲಭ ಎಂದುಕೊಂಡಳು. ಒಂದು ಸಲ ಡಿಲೀಟ್ ಮಾಡುವ ಜಾಗದವರೆಗೂ ಬೆರಳು ಹೋಯಿತು. ಅದನ್ನೂ ಮಾಡಲಿಲ್ಲ, ಇದನ್ನೂ ಮಾಡಲಿಲ್ಲ.

ಮೂರನೇ ದಿನ ಬೆಳಿಗ್ಗೆ ನಿರಂಜನ್ ಹೊರಗೆ ಬಂದು ಮೂತ್ರ ನಿಂತಿದೆ, ರಕ್ತದ ಕಣಗಳು ಬಿದ್ದುಹೋಗುತ್ತಿವೆ ಎಂದರು. ಪ್ರಜ್ಞೆ ಇದೆ, ಯಶೋಧಾ ಅಂದರೆ ಯಾರು, ಕರೀತಿದಾರೆ ಎಂದರು. ಗಿರಿ ಎದ್ದು ನಿಂತ, ಆದರೆ ಡಾಕ್ಟರು ಒಬ್ಬರೇ ಸಾಕು ಎಂದರು.

ಮುನಿಶಾಮಮ್ಮ ಆ ಹಾಸಿಗೆಯಲ್ಲಿ ಅರ್ಧದಷ್ಟಾಗಿದ್ದಳು. ತುಟಿ ಒಡೆದಿತ್ತು. ಯಶೋಧಾ ಹತ್ತಿರ ಹೋಗಿ ಬಗ್ಗಿದಳು.

“ಮೇಡಮ್ಮೋರೆ, ಒಂದ್ ಮಾತು. ನಂಗೆ ತಲೇಲಿ ಅದೇ ಕೊರೀತೈತೆ.” ಒಂದೊಂದು ಮಾತಿಗೂ ಅವಳು ನಿಂತು ಉಸಿರು ತೆಗೆದುಕೊಳ್ಳುತ್ತಿದ್ದಳು. “ಗೌರಿ ಊವು ಅಂತ ನಿಮ್ಗೆ ಅವತ್ತು ಬೆಳಿಗ್ಗೇನೇ ಗೊತ್ತಿತ್ತಾ?”

ಗೊತ್ತಿರಲಿಲ್ಲ ಎಂದರೆ ಮುಗಿಯುತ್ತಿತ್ತು. ಎಲೆ ಸರಿಯಾಗಿ ಕಾಣಲಿಲ್ಲ, ಅವಸರದಲ್ಲಿದ್ದೆ ಎಂದರೂ ಸಾಕಿತ್ತು. ಸಾಯುವವರಿಗೆ ಸಮಾಧಾನ ಹೇಳುವುದು ತಪ್ಪಲ್ಲ ಎಂದು ಯಾರು ಬೇಕಾದರೂ ಒಪ್ಪುತ್ತಾರೆ. ಆದರೆ ಮುದುಕಿ ಅವಳ ಮುಖವನ್ನೇ ನೋಡುತ್ತಿದ್ದಳು.

“ಗೊತ್ತಿತ್ತು,” ಎಂದಳು ಯಶೋಧಾ.

“ಮತ್ಯಾಕೆ ಎಸ್ರು ಏಳ್ಲಿಲ್ಲ?”

“ಆಟ ಆಡ್ತಿದ್ದೆ ಅಮ್ಮ. ನಾನೂ ಸುಮಾನೂ ಆಡ್ತೀವಿ. ಹೆಸರು ಅವಳೇ ಹುಡುಕಲಿ ಅಂತ ಬಿಟ್ಟೆ.”

ಮುನಿಶಾಮಮ್ಮನಿಗೆ ಅದು ತಲೆಗೆ ಹೋಗಲು ಸ್ವಲ್ಪ ಹೊತ್ತು ಬೇಕಾಯಿತು. ಬೈಯುತ್ತಾಳೆ ಎಂದು ಯಶೋಧಾ ಕಾದಳು. ಬೈದರೆ ಸಾಕಾಗಿತ್ತು.

“ವಾಸ್ನೆ ಬ್ಯಾರೆ ಐತೆ ಅಂತ ನಂಗೆ ಅನ್ನುಸ್ತು,” ಎಂದಳು ಮುದುಕಿ. “ಕುದಿಯೋವಾಗ್ಲೇ ಅನ್ನುಸ್ತು. ಓದ್ದೋರು ಏಳವ್ರೆ, ನಂದೇನು ಅಂತ ಸುಮ್ಕಾದೆ.” ಆಮೇಲೆ ಕಣ್ಣು ಮುಚ್ಚಿಕೊಂಡು, “ಸುಮಾನ ಬಯ್ಯಬ್ಯಾಡ ಅಂತ ಗಿರೀಗೆ ಏಳಿ,” ಎಂದಳು. ನರ್ಸು ಬಂದು ಯಶೋಧಾಳನ್ನು ಹೊರಗೆ ಕಳಿಸಿದಳು.

ಹನ್ನೊಂದೂವರೆಗೆ ಮುನಿಶಾಮಮ್ಮ ಹೋದಳು.

ಸುಮಾ ಗೋಡೆಗೆ ತಲೆಯಿಟ್ಟು ಅಳುತ್ತಿದ್ದಳು. ಬಾಗಲೂರಿನ ಹೆಂಗಸರು ಅವಳ ಹತ್ತಿರ ಸುಳಿಯಲಿಲ್ಲ, ಬಂದ ದಿನದಿಂದ ಯಾರೂ ಅವಳೊಡನೆ ಮಾತಾಡಿರಲಿಲ್ಲ. ಗಿರಿ ಕಾಗದಪತ್ರಕ್ಕೆ ಸಹಿ ಮಾಡಿ, ಕೆಳಗಿನ ಕ್ಯಾಂಟೀನಿನಿಂದ ಒಂದು ಲೋಟ ಕಾಫಿ ಹಿಡಿದುಕೊಂಡು ಯಶೋಧಾಳ ಬೆಂಚಿನ ಹತ್ತಿರ ಬಂದ. ತನ್ನ ತಾಯಿ ಸತ್ತ ಗಳಿಗೆಯಲ್ಲೂ ಅವನಿಗೆ ಅವಳು ಬೆಳಿಗ್ಗೆಯಿಂದ ಏನೂ ಕುಡಿದಿಲ್ಲ ಎಂಬುದು ನೆನಪಿತ್ತು.

“ತಗೊಳ್ಳಿ ಮೇಡಂ. ನೀವ್ ಎಷ್ಟ್ ಮಾಡಿದ್ರಿ ಅಂತ ನಮಗ್ ಗೊತ್ತು.”

ಯಶೋಧಾ ಕಾಫಿಗೆ ಕೈ ಚಾಚಲಿಲ್ಲ. ಫೋನು ತೆಗೆದು, ಆ ಬೆಳಗಿನ ಸಂದೇಶಗಳನ್ನು ತೆರೆದು ಅವನ ಮುಂದೆ ಹಿಡಿದಳು. ಅವನು ಒಂದು ಕೈಯಲ್ಲಿ ಲೋಟ ಹಿಡಿದೇ ಇನ್ನೊಂದು ಕೈಯಲ್ಲಿ ಫೋನು ಇಸಿದುಕೊಂಡು ಓದಿದ. ಮೇಲಕ್ಕೆ ಸರಿಸಿ ಫೋಟೋ ನೋಡಿದ. ಮತ್ತೆ ಮೊದಲಿನಿಂದ ಓದಿದ, ಪ್ರತಿ ಸಾಲಿನ ಪಕ್ಕದ ಗಂಟೆಯನ್ನೂ ನೋಡಿದ.

“ಇದೆಲ್ಲ ಸುಮಂಗೆ ಗೊತ್ತಿತ್ತಾ?” ಎಂದ.

“ಗೊತ್ತಿತ್ತು. ನನ್ನನ್ನ ಉಳಿಸೋಕೆ ತಾನು ಹೊತ್ಕೊಂಡ್ಲು. ಅವಳನ್ನ ಬಯ್ಯಬೇಡ ಅಂತ ಅಮ್ಮ ಹೇಳಿದ್ರು.”

ಗಿರಿ ಫೋನನ್ನು ಬೆಂಚಿನ ಮೇಲೆ ಇಟ್ಟ. ಕಾಫಿ ಲೋಟವನ್ನು ಒಂದು ಸಲ ನೋಡಿಕೊಂಡು, ಕಾರಿಡಾರಿನ ಆ ತುದಿಗೆ ನಡೆದು ಹೋಗಿ ಹೆಂಡತಿಯ ಕೈಗೆ ಕೊಟ್ಟ.